ಆಸ್ಪತ್ರೆ ಮುಟ್ಟುವ ತನಕ: ಪುಟ್ಟ ಮಕ್ಕಳಿರುವ ಮನೆಯವರಿಗೆ ಪ್ರಥಮ ಚಿಕಿತ್ಸೆಯ ಸಮಗ್ರ ಮಾರ್ಗದರ್ಶಿ

ಮಂಡ್ಯ, ಮೈಸೂರು ಕಡೆ ಎಷ್ಟೋ ಮನೆಗಳಲ್ಲಿ ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು ಅಜ್ಜಿ. ಅಪ್ಪ ಗದ್ದೆಯಲ್ಲಿ, ಅಮ್ಮ ಗಾರ್ಮೆಂಟ್ಸ್‌ನಲ್ಲೋ ಆಫೀಸಿನಲ್ಲೋ ಇರುತ್ತಾರೆ. ಮಗು ಏನಾದರೂ ನುಂಗಿದರೆ, ಸುಟ್ಟುಕೊಂಡರೆ ಮೊದಲು ಓಡಿ ಬರುವವರು ಅವರೇ. ಹಾಗಾಗಿ ಇದನ್ನು ನೀವೊಬ್ಬರೇ ಓದಿ ಸುಮ್ಮನಾಗಬೇಡಿ. ಅತ್ತೆಗೆ, ಅಮ್ಮನಿಗೆ, ಮಗುವನ್ನು ಎತ್ತಿಕೊಂಡು ತಿರುಗುವ ಚಿಕ್ಕಪ್ಪನಿಗೆ ಓದಿ ಹೇಳಿ.

ಆಸ್ಪತ್ರೆಯಲ್ಲಿ ಡಾಕ್ಟರ್ ಇದ್ದಾರೆ, ಸರಿ. ಆದರೆ ಅಲ್ಲಿಗೆ ಮುಟ್ಟುವ ತನಕದ ಹೊತ್ತು ಮನೆಯವರ ಕೈಯಲ್ಲಿದೆ. ಆ ಹೊತ್ತಿನಲ್ಲಿ ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್, ಹಾವು ಕಡಿದ ಕಾಲಿಗೆ ಹಗ್ಗ, ಫಿಟ್ಸ್ ಬಂದ ಮಗುವಿನ ಬಾಯಿಗೆ ಚಮಚ ಇಟ್ಟರೆ ಇರುವ ತೊಂದರೆಯ ಮೇಲೆ ಇನ್ನೊಂದು ತೊಂದರೆ ಸೇರುತ್ತದೆ. ಏನು ಮಾಡಬೇಕು ಅನ್ನುವಷ್ಟೇ ಏನು ಮಾಡಬಾರದು ಅನ್ನುವುದೂ ಗೊತ್ತಿರಬೇಕು.

ಇವತ್ತೇ ಮಾಡಿಡುವ ಕೆಲಸ

ಆಂಬುಲೆನ್ಸ್‌ಗೆ 108. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಯಾವುದು ಬೇಕಾದರೂ 112. ಇವೆರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್‌ ಮೇಲೋ ಅಡುಗೆಮನೆ ಬಾಗಿಲ ಮೇಲೋ ಅಂಟಿಸಿ. ಅದರ ಕೆಳಗೆ ಮಗುವಿನ ತೂಕ ಬರೆಯಿರಿ. ಮಕ್ಕಳ ಔಷಧಿಯ ಲೆಕ್ಕವೆಲ್ಲ ತೂಕದ ಮೇಲೆಯೇ ನಿಂತಿದೆ. ಗಾಬರಿಯಲ್ಲಿ ಅದು ನೆನಪಿಗೆ ಬರುವುದಿಲ್ಲ.

ಕರೆ ಮಾಡಿದಾಗ ನಾಲ್ಕು ಮಾತು ಹೇಳಿ: ಏನಾಯಿತು, ಮಗುವಿನ ವಯಸ್ಸೆಷ್ಟು, ಉಸಿರಾಡುತ್ತಿದೆಯೋ ಇಲ್ಲವೋ, ನೀವು ಎಲ್ಲಿದ್ದೀರಿ. ಹಳ್ಳಿಯಾದರೆ ಊರಿನ ಹೆಸರಿನ ಜೊತೆ ತಾಲ್ಲೂಕು ಹೇಳಲೇಬೇಕು, ಒಂದೇ ಹೆಸರಿನ ಊರುಗಳು ಬೇಕಾದಷ್ಟಿವೆ. ಹಾಲಿನ ಡೈರಿ, ದೇವಸ್ಥಾನ, ಶಾಲೆ, ಇಂಥ ಒಂದು ಗುರುತು ಕೊಡಿ. ಒಬ್ಬರನ್ನು ಮುಖ್ಯರಸ್ತೆಗೆ ಕಳಿಸಿ ನಿಲ್ಲಿಸಿ.

ರಾತ್ರಿ ಹೊತ್ತು ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಮೊದಲೇ ತೀರ್ಮಾನಿಸಿ. ಮಂಡ್ಯದಲ್ಲಿ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ) ಇದೆ. ಮೈಸೂರಿನಲ್ಲಿ ಮಕ್ಕಳಿಗೆ ಚೆಲುವಾಂಬ ಆಸ್ಪತ್ರೆ, ಅಪಘಾತದಂಥ ತುರ್ತಿಗೆ ಕೆ.ಆರ್. ಆಸ್ಪತ್ರೆ ಇವೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಡಾಕ್ಟರ್ ಇರುತ್ತಾರಾ, ಹಾವಿನ ವಿಷಕ್ಕೆ ಔಷಧಿ ಇಟ್ಟಿರುತ್ತಾರಾ ಎಂದು ಒಮ್ಮೆ ಹೋದಾಗ ವಿಚಾರಿಸಿಕೊಂಡು ಬನ್ನಿ.

ಗಂಟಲಿಗೆ ಸಿಕ್ಕಿಕೊಂಡರೆ

ಇದಕ್ಕೆ ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಿ. ಬೇರೆ ಹೆಚ್ಚಿನದಕ್ಕೆ ಆಸ್ಪತ್ರೆಗೆ ಓಡಲು ಸ್ವಲ್ಪವಾದರೂ ಸಮಯ ಇರುತ್ತದೆ. ಉಸಿರು ಪೂರ್ತಿ ಕಟ್ಟಿದರೆ ಇರುವುದು ಕೆಲವೇ ನಿಮಿಷ.

ನಮ್ಮ ಮನೆಗಳಲ್ಲಿ ಮಕ್ಕಳ ಗಂಟಲಿಗೆ ಸಿಗುವಂಥವು ಯಾವುವು? ಕಡಲೆಕಾಯಿ ಬೀಜ, ಹುರಿಗಡಲೆ, ಅವರೆಕಾಳು, ಕಬ್ಬಿನ ಹೋಳು, ಚೌಕಾಬಾರ ಆಡುವ ಹುಣಸೆಬೀಜ ಮತ್ತು ಕವಡೆ, ನಾಣ್ಯ, ಒಡೆದ ಬಲೂನಿನ ಚೂರು, ಇಡೀ ದ್ರಾಕ್ಷಿ. ಸಂಕ್ರಾಂತಿಯ ಎಳ್ಳು ಬೆಲ್ಲವನ್ನೇ ನೋಡಿ. ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಚೂರು, ಬೆಲ್ಲದ ಅಚ್ಚು ಎಲ್ಲ ಒಂದೇ ಪೊಟ್ಟಣದಲ್ಲಿ. ಪುಟ್ಟ ಮಗುವಿಗೆ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ, ಅಗಿಯಲು ಆಗುವುದಿಲ್ಲ. ಹಬ್ಬದ ಸಂಭ್ರಮದಲ್ಲಿ ಓಡಾಡುತ್ತಾ, ನಗುತ್ತಾ ಬಾಯಿಗೆ ಹಾಕಿಕೊಂಡಾಗ ಕಾಳು ಉಸಿರಿನ ಕೊಳವೆಗೆ ಇಳಿಯುತ್ತದೆ. ನಾಲ್ಕು ವರ್ಷ ತುಂಬುವ ತನಕ ಎಳ್ಳು ಬೆಲ್ಲವನ್ನು ಮಿಕ್ಸಿಗೆ ಹಾಕಿ ಪುಡಿ ಮಾಡಿ ಕೊಡಿ, ಶಾಸ್ತ್ರಕ್ಕೇನೂ ಕಮ್ಮಿ ಆಗುವುದಿಲ್ಲ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ. ಯಾವುದೇ ತಿನಿಸನ್ನು ಕೂರಿಸಿಯೇ ತಿನ್ನಿಸಿ.

ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಗಾಳಿ ಆಡುತ್ತಿದೆ ಎಂದು ಅರ್ಥ. ಆಗ ಕೆಮ್ಮಲು ಬಿಡಿ, ಪಕ್ಕದಲ್ಲೇ ಇರಿ. ದನಿ ಬರುತ್ತಿಲ್ಲ, ಕೆಮ್ಮಲು ಆಗುತ್ತಿಲ್ಲ, ತುಟಿ ನೀಲಿ ಆಗುತ್ತಿದೆ ಎಂದರೆ ತಕ್ಷಣ ಶುರು ಮಾಡಬೇಕು. ನೆತ್ತಿ ತಟ್ಟುವುದು, ನೀರು ಕುಡಿಸುವುದು, ಬಾಯೊಳಗೆ ಬೆರಳು ಹಾಕಿ ಹುಡುಕುವುದು ಬೇಡ. ಬೆರಳು ಹಾಕಿದರೆ ಕಾಳು ಇನ್ನೂ ಒಳಗೆ ಹೋಗುತ್ತದೆ. ಕಣ್ಣಿಗೆ ಕಂಡರೆ ಮಾತ್ರ ತೆಗೆಯಿರಿ.

ಒಂದು ವರ್ಷದೊಳಗಿನ ಕೂಸಿಗೆ:

1. ಕುಳಿತುಕೊಳ್ಳಿ. ಕೂಸನ್ನು ನಿಮ್ಮ ಮುಂಗೈ ಮೇಲೆ ಬೋರಲಾಗಿ ಮಲಗಿಸಿ, ಮುಂಗೈಯನ್ನು ತೊಡೆಗೆ ಆನಿಸಿ. ತಲೆ ಎದೆಗಿಂತ ಕೆಳಗಿರಲಿ. ದವಡೆಯನ್ನು ಬೆರಳಿನಿಂದ ಹಿಡಿಯಿರಿ, ಕತ್ತು ಒತ್ತಬೇಡಿ.
2. ಅಂಗೈ ಬುಡದಿಂದ ಎರಡು ಹೆಗಲ ಮೂಳೆಗಳ ನಡುವೆ ಐದು ಸಲ ಗಟ್ಟಿಯಾಗಿ ಹೊಡೆಯಿರಿ. ಮೆಲ್ಲಗೆ ತಟ್ಟಿದರೆ ಪ್ರಯೋಜನವಿಲ್ಲ.
3. ಬರದಿದ್ದರೆ ಅಂಗಾತ ತಿರುಗಿಸಿ. ಎದೆಯ ನಡುಮೂಳೆಯ ಮೇಲೆ, ಮೊಲೆತೊಟ್ಟಿನ ಗೆರೆಗಿಂತ ತುಸು ಕೆಳಗೆ, ಅಂಗೈ ಬುಡದಿಂದ ಐದು ಸಲ ಒತ್ತಿ.
4. ಮತ್ತೆ ಬೆನ್ನಿಗೆ ಐದು, ಮತ್ತೆ ಎದೆಗೆ ಐದು. ವಸ್ತು ಹೊರಬರುವ ತನಕ ಅಥವಾ ಕೂಸು ಎಚ್ಚರ ತಪ್ಪುವ ತನಕ ನಿಲ್ಲಿಸಬೇಡಿ. ಕೂಸಿನ ಹೊಟ್ಟೆ ಮಾತ್ರ ಒತ್ತಲೇಬಾರದು.

ಒಂದು ವರ್ಷ ದಾಟಿದ ಮಗುವಿಗೆ ಹಿಂದಿನಿಂದ ಮಂಡಿಯೂರಿ ಕುಳಿತು, ಮಗುವನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿಗೆ ಹಾಗೆಯೇ ಐದು ಏಟು ಕೊಡಿ. ಆಮೇಲೆ ಮಗುವಿನ ಸುತ್ತ ಕೈ ಹಾಕಿ, ಒಂದು ಕೈ ಮುಷ್ಟಿ ಮಾಡಿ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಇಡಿ. ಇನ್ನೊಂದು ಕೈಯಿಂದ ಅದನ್ನು ಹಿಡಿದು ಒಳಕ್ಕೆ ಮತ್ತು ಮೇಲಕ್ಕೆ ಐದು ಸಲ ಜಗ್ಗಿ. ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಾ ಹೋಗಿ. ಹೊಟ್ಟೆ ಒತ್ತಿದ ಮಗುವನ್ನು ಆಮೇಲೆ ಡಾಕ್ಟರಿಗೆ ತೋರಿಸಲೇಬೇಕು, ಒಳಗೆ ಪೆಟ್ಟಾಗಿರಬಹುದು.

ಒಂದು ವಿಷಯ ಜನ ಗಮನಿಸುವುದಿಲ್ಲ. ಕಡಲೆಬೀಜ ತಿನ್ನುವಾಗ ಒಮ್ಮೆ ಕೆಮ್ಮಿ ಸುಮ್ಮನಾದ ಮಗುವಿಗೆ ಆಮೇಲೆ ವಾರಗಟ್ಟಲೆ ಕೆಮ್ಮು, ಎದೆಯಲ್ಲಿ ಗೊರಗೊರ ಶಬ್ದ ಬಂದರೆ ಆ ಬೀಜ ಶ್ವಾಸಕೋಶದ ಕೊಳವೆಯಲ್ಲೇ ಕೂತಿರಬಹುದು. ನೆಗಡಿ ಎಂದುಕೊಂಡು ಸಿರಪ್ ಕುಡಿಸುತ್ತಾ ಕೂರಬೇಡಿ. ಡಾಕ್ಟರಿಗೆ ಆ ದಿನದ ಘಟನೆಯನ್ನು ಬಿಡಿಸಿ ಹೇಳಿ.

ಉಸಿರು ನಿಂತಾಗ ಸಿಪಿಆರ್

ಕೂಸಾದರೆ ಅಂಗಾಲು ತಟ್ಟಿ, ದೊಡ್ಡ ಮಗುವಾದರೆ ಭುಜ ತಟ್ಟಿ ಕೂಗಿ. ಎಚ್ಚರ ಇಲ್ಲ, ಹತ್ತು ಸೆಕೆಂಡ್ ನೋಡಿದರೂ ಎದೆ ಏಳುತ್ತಿಲ್ಲ ಅಥವಾ ಆಗೊಮ್ಮೆ ಈಗೊಮ್ಮೆ ಏದುಸಿರು ಮಾತ್ರ ಇದೆ ಎಂದರೆ ಸಿಪಿಆರ್, ಅಂದರೆ ಎದೆ ಒತ್ತಿ ಬಾಯಿಂದ ಉಸಿರು ಕೊಡುವುದನ್ನು, ಶುರು ಮಾಡಿ. ಜೊತೆಯಲ್ಲಿ ಯಾರಾದರೂ ಇದ್ದರೆ ಅವರು 108ಕ್ಕೆ ಕರೆ ಮಾಡಲಿ. ಒಬ್ಬರೇ ಇದ್ದರೆ ಫೋನನ್ನು ಸ್ಪೀಕರ್‌ಗೆ ಹಾಕಿ ನೆಲದ ಮೇಲಿಡಿ. ಫೋನ್ ಹತ್ತಿರ ಇಲ್ಲದಿದ್ದರೆ ಮೊದಲು ಎರಡು ನಿಮಿಷ ಸಿಪಿಆರ್ ಮಾಡಿ, ಆಮೇಲೆ ಫೋನಿಗೆ ಓಡಿ.

1. ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಮಂಚದ ಮೇಲೆ ಬೇಡ.
2. ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಒತ್ತಿ. ಕೂಸಿಗೆ ಎರಡೂ ಕೈಯಿಂದ ಎದೆಯನ್ನು ಬಳಸಿ ಹಿಡಿದು ಎರಡು ಹೆಬ್ಬೆರಳಿನಿಂದ, ಅದು ಆಗದಿದ್ದರೆ ಒಂದು ಅಂಗೈ ಬುಡದಿಂದ. ದೊಡ್ಡ ಮಗುವಿಗೆ ಒಂದು ಅಥವಾ ಎರಡೂ ಅಂಗೈಯಿಂದ.
3. ಎದೆಯ ಮೂರನೇ ಒಂದು ಭಾಗ ಒಳಗೆ ಹೋಗಬೇಕು. ಕೂಸಿಗೆ ಸುಮಾರು 4 ಸೆಂ.ಮೀ., ಮಗುವಿಗೆ ಸುಮಾರು 5 ಸೆಂ.ಮೀ. ವೇಗ ನಿಮಿಷಕ್ಕೆ 100ರಿಂದ 120. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಿ.
4. ಹೀಗೆ 30 ಸಲ ಒತ್ತಿದ ಮೇಲೆ ಗಲ್ಲ ಎತ್ತಿ ಎರಡು ಸಲ ಉಸಿರು ಕೊಡಿ. ಕೂಸಾದರೆ ಬಾಯಿ ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ, ತಲೆ ತುಂಬಾ ಹಿಂದಕ್ಕೆ ಬಾಗಿಸಬೇಡಿ. ದೊಡ್ಡ ಮಗುವಾದರೆ ಮೂಗು ಹಿಡಿದು ಬಾಯಿಗೆ ಊದಿ. ನಿಮ್ಮ ಕೆನ್ನೆ ತುಂಬುವಷ್ಟು ಗಾಳಿ ಸಾಕು. ಎದೆ ಏಳುವುದು ಕಾಣಬೇಕು.
5. 30 ಒತ್ತು, 2 ಉಸಿರು. ಆಂಬುಲೆನ್ಸ್ ಬರುವ ತನಕ ಅಥವಾ ಮಗು ಉಸಿರಾಡುವ ತನಕ.

ಗಂಟಲಿಗೆ ಸಿಕ್ಕಿಕೊಂಡು ಎಚ್ಚರ ತಪ್ಪಿದ ಮಗುವಿಗೂ ಇದೇ ಕ್ರಮ. ಪ್ರತಿ ಸಲ ಉಸಿರು ಕೊಡುವ ಮುಂಚೆ ಬಾಯೊಳಗೆ ನೋಡಿ.

ಇಷ್ಟನ್ನು ಓದಿದ ಮಾತ್ರಕ್ಕೆ ಕೈಗೆ ಬರುವುದಿಲ್ಲ. ದೊಡ್ಡ ಗೊಂಬೆಯ ಮೇಲೆ ಮನೆಯವರೆಲ್ಲ ಒಮ್ಮೆ ಮಾಡಿ ನೋಡಿ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್‌ನವರು ತರಬೇತಿ ಕೊಡುತ್ತಾರೆ. ನಿಮ್ಮ ಅಪಾರ್ಟ್‌ಮೆಂಟ್‌ಗೋ ಸ್ತ್ರೀಶಕ್ತಿ ಸಂಘಕ್ಕೋ ಕರೆಸಿಕೊಳ್ಳಬಹುದಾ ವಿಚಾರಿಸಿ. ಒಂದು ಅರ್ಧ ದಿನ ಹೋದರೂ ಅಡ್ಡಿಯಿಲ್ಲ.

ನೀರು: ಬಚ್ಚಲ ಬಕೆಟ್‌ನಿಂದ ನಾಲೆಯ ತನಕ

ಮಂಡ್ಯದವರಿಗೆ ನಾಲೆ ಮನೆ ಮುಂದಿನ ಬೀದಿಯಷ್ಟೇ ಪರಿಚಯ. ಅದಕ್ಕೇ ಭಯ ಕಮ್ಮಿ. ಕೆಆರ್‌ಎಸ್‌ನಿಂದ ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ನೀರು ಬಿಟ್ಟಾಗ ನಿನ್ನೆ ಮಕ್ಕಳು ಆಡಿದ ಒಣ ನಾಲೆ ಇವತ್ತು ತುಂಬಿ ಹರಿಯುತ್ತದೆ. ಸಿಮೆಂಟ್ ಹಾಕಿದ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ. ಜಾರಿದರೆ ದೊಡ್ಡವರಿಗೂ ಹತ್ತಿ ಬರುವುದು ಕಷ್ಟ. ಬಟ್ಟೆ ಒಗೆಯಲು ಹೋಗುವಾಗ ಪುಟ್ಟ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಬಲಮುರಿ, ಶ್ರೀರಂಗಪಟ್ಟಣದ ಸಂಗಮದಂಥ ಕಡೆ ಮಗು ನಿಮ್ಮ ಕೈಗೆ ಎಟುಕುವ ದೂರದಲ್ಲೇ ಇರಬೇಕು. ದಡದಲ್ಲಿ ಫೋನ್ ನೋಡುತ್ತಾ ಕೂರುವುದು ಬೇಡವೇ ಬೇಡ.

ಮನೆಯೊಳಗೂ ಅಪಾಯ ಇದೆ. ಕೆಲವೇ ಇಂಚು ನೀರಿದ್ದರೂ ನಡೆಯಲು ಕಲಿಯುತ್ತಿರುವ ಮಗು ಮುಳುಗಬಹುದು. ಆ ವಯಸ್ಸಿನಲ್ಲಿ ತಲೆಯ ಭಾರ ಜಾಸ್ತಿ. ಬಕೆಟ್‌ಗೆ ಬಗ್ಗಿ ತಲೆಕೆಳಗಾದರೆ ಎದ್ದು ಬರಲು ಕೈಯಲ್ಲಿ ಶಕ್ತಿ ಇರುವುದಿಲ್ಲ, ಕೂಗಲೂ ಆಗುವುದಿಲ್ಲ. ಸ್ನಾನ ಮುಗಿದ ಕೂಡಲೇ ಬಕೆಟ್ ಬೋರಲು ಹಾಕಿ. ಬಚ್ಚಲ ಬಾಗಿಲಿಗೆ ಮೇಲೆ ಚಿಲಕ ಹಾಕಿಸಿ. ಸಂಪಿನ ಮುಚ್ಚಳಕ್ಕೆ ಬೀಗ ಬೇಕು. ಕಾವೇರಿ ನೀರು ಬರುವ ಹೊತ್ತಿನಲ್ಲಿ ಸಂಪು ತೆರೆದಿಟ್ಟು ಮೋಟಾರು ಹಾಕಲು ಒಳಗೆ ಹೋಗುತ್ತೇವಲ್ಲ, ಆ ಎರಡು ನಿಮಿಷ ಸಾಕು.

ಯಾರಾದರೂ ಮುಳುಗುತ್ತಿದ್ದರೆ ಈಜು ಬರದವರು ನೀರಿಗೆ ಇಳಿಯಬಾರದು. ಒಬ್ಬರನ್ನು ಉಳಿಸಲು ಹೋಗಿ ಇಡೀ ಕುಟುಂಬ ಮುಳುಗುವುದು ಹೀಗೆಯೇ. ದಡದಲ್ಲಿ ಮಲಗಿ ಸೀರೆ, ಪಂಚೆ, ಉದ್ದ ಕೋಲು ಚಾಚಿ. ಖಾಲಿ ಬಿಂದಿಗೆ, ಮುಚ್ಚಳ ಹಾಕಿದ ಖಾಲಿ ಕ್ಯಾನು ಎಸೆಯಿರಿ, ಅದು ತೇಲುತ್ತದೆ.

ಹೊರತೆಗೆದ ಮಗುವನ್ನು ಕಾಲು ಹಿಡಿದು ತಿರುಗಿಸುವುದು, ಹೆಗಲ ಮೇಲೆ ಬೋರಲು ಹಾಕಿಕೊಂಡು ಓಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಯಾವುದೂ ಬೇಡ. ಹೊಟ್ಟೆಯ ನೀರು ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಅಮೂಲ್ಯವಾದ ನಿಮಿಷಗಳೂ ಹೋಗುತ್ತವೆ. ಉಸಿರು ಇಲ್ಲದಿದ್ದರೆ ಮೊದಲು ಎರಡು ಸಲ ಉಸಿರು ಕೊಟ್ಟು ಆಮೇಲೆ ಎದೆ ಒತ್ತಲು ಶುರು ಮಾಡಿ. ಮುಳುಗಿದ ಮಗುವಿಗೆ ಮೊದಲು ಬೇಕಾದದ್ದು ಗಾಳಿ. ಕೆಮ್ಮಿ ಎದ್ದು ಕೂತ ಮಗುವನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಲವು ಗಂಟೆ ಕಳೆದ ಮೇಲೆ ಉಸಿರಾಟ ಕೆಡುವುದುಂಟು.

ಸುಟ್ಟ ಗಾಯ

ನಮ್ಮ ಅಡುಗೆಮನೆಯಲ್ಲಿ ಮುದ್ದೆಯ ಎಸರು ಕುದಿಯುತ್ತಿರುತ್ತದೆ. ಕೆಳಗಿಳಿಸಿ, ಪಾತ್ರೆಯನ್ನು ಕಾಲಲ್ಲಿ ಅದುಮಿ ಹಿಡಿದು ಕೋಲಿನಿಂದ ತಿರುವುವ ಅಭ್ಯಾಸ ಇನ್ನೂ ಇದೆ. ಆ ಹೊತ್ತಿಗೆ ಮಗು ಅಡುಗೆಮನೆಯಲ್ಲಿ ಇರಲೇಬಾರದು. ಬಿಸಿ ಸಾರಿನ ಪಾತ್ರೆ ನೆಲದ ಮೇಲೆ ಬೇಡ. ಬಚ್ಚಲಲ್ಲಿ ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಹಂಡೆಯ ಬಿಸಿನೀರು. ಹೀಟರ್ ರಾಡ್ ಹಾಕಿದ ಬಕೆಟ್ ಇರುವ ಕೋಣೆಗೆ ಬೀಗ ಹಾಕಿ. ಆಲೆಮನೆಗೆ ಮಕ್ಕಳನ್ನು ಬೆಲ್ಲ ತಿನ್ನಿಸಲು ಕರೆದೊಯ್ದರೆ ಕೊಪ್ಪರಿಗೆಯಿಂದ ದೂರ ಎತ್ತಿಕೊಂಡೇ ಇರಿ. ಕುದಿಯುವ ಪಾಕ ನೀರಿಗಿಂತ ಬಿಸಿ, ಮೈಗೆ ಅಂಟಿಕೊಳ್ಳುವುದರಿಂದ ಆಳಕ್ಕೆ ಸುಡುತ್ತದೆ.

ಸುಟ್ಟ ತಕ್ಷಣ ಮಗುವನ್ನು ಬಿಸಿಯಿಂದ ದೂರ ಎಳೆದು ಸುಟ್ಟ ಜಾಗವನ್ನು ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಪೂರ್ತಿ 20 ನಿಮಿಷ. ಗಡಿಯಾರ ನೋಡಿಕೊಂಡು ಮಾಡಿ, ಗಾಬರಿಯಲ್ಲಿ ಎರಡು ನಿಮಿಷವೇ ಇಪ್ಪತ್ತರಂತೆ ಅನಿಸುತ್ತದೆ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಬಿಡದೆ ಸುರಿಯಿರಿ. ಸುಟ್ಟು ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಉಪಯೋಗ ಇದೆ. ನೀರು ಹಾಕುತ್ತಿರುವಾಗಲೇ ಬಳೆ, ಕಾಲ್ಗೆಜ್ಜೆ, ಉಡಿದಾರ, ಉಂಗುರ ತೆಗೆಯಿರಿ. ಊದಿಕೊಂಡ ಮೇಲೆ ತೆಗೆಯಲು ಆಗುವುದಿಲ್ಲ. ಬಟ್ಟೆ ಬಿಚ್ಚಿ, ಆದರೆ ಚರ್ಮಕ್ಕೆ ಅಂಟಿದ್ದನ್ನು ಎಳೆಯಬೇಡಿ. ಬೆಲ್ಲದ ಪಾಕ ಅಂಟಿದ್ದರೂ ಅಷ್ಟೇ, ಮೇಲೆ ನೀರು ಸುರಿಯಿರಿ. ಸುಟ್ಟ ಜಾಗವನ್ನು ಮಾತ್ರ ತಣ್ಣಗೆ ಮಾಡಿ, ಉಳಿದ ಮೈಗೆ ಟವೆಲ್ ಹೊದಿಸಿ. ಪುಟ್ಟ ಮಕ್ಕಳ ಮೈ ಬೇಗ ತಣ್ಣಗಾಗಿಬಿಡುತ್ತದೆ.

ಆಮೇಲೆ ಅಡುಗೆಗೆ ಬಳಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನೋ ಒಗೆದ ಹತ್ತಿ ಬಟ್ಟೆಯನ್ನೋ ಸಡಿಲವಾಗಿ ಮುಚ್ಚಿ. ಐಸ್, ಟೂತ್‌ಪೇಸ್ಟ್, ಇಂಕು, ಅರಿಶಿನ, ಕಾಫಿಪುಡಿ, ತುಪ್ಪ ಯಾವುದೂ ಬೇಡ. ಐಸ್ ಸುಟ್ಟ ಚರ್ಮಕ್ಕೆ ಇನ್ನಷ್ಟು ಹಾನಿ ಮಾಡುತ್ತದೆ, ಉಳಿದವು ಬಿಸಿಯನ್ನು ಒಳಗೇ ಹಿಡಿದಿಡುತ್ತವೆ ಅಥವಾ ನಂಜು ಮಾಡುತ್ತವೆ. ಆಸ್ಪತ್ರೆಯಲ್ಲಿ ಅವನ್ನು ಉಜ್ಜಿ ತೆಗೆಯುವಾಗ ಮಗು ಪಡುವ ನೋವು ನೋಡಲು ಆಗುವುದಿಲ್ಲ. ಬೊಬ್ಬೆ ಒಡೆಯಬೇಡಿ. ಮಗುವಿನ ಅಂಗೈಗಿಂತ ದೊಡ್ಡ ಗಾಯ, ಮುಖ, ಕೈ, ಪಾದ, ಕೀಲು, ಗುಪ್ತಾಂಗದ ಗಾಯ, ಕರೆಂಟಿನಿಂದ ಆದ ಯಾವುದೇ ಗಾಯ ಇದ್ದರೆ ನೇರ ಆಸ್ಪತ್ರೆಗೆ.

ಕರೆಂಟ್ ಹೊಡೆದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಮಗುವನ್ನು ಮುಟ್ಟಿ. ಆಗದಿದ್ದರೆ ಒಣ ಮರದ ಕೋಲಿನಿಂದ ತಂತಿ ತಳ್ಳಿ. ಹೊಸ ಮನೆ ಕಟ್ಟುತ್ತಿರುವವರು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಹಾಕಿಸಿ. ಹಳೇ ಮನೆಗೂ ಹಾಕಿಸಬಹುದು.

ಜ್ವರ, ಫಿಟ್ಸ್, ಭೇದಿ

ಕೈಯಿಂದ ಮುಟ್ಟಿ ನೋಡುವುದು ಸಾಲದು, ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಳ್ಳಿ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಜ್ವರ. ಮೂರು ತಿಂಗಳೊಳಗಿನ ಕೂಸಿಗೆ ಇಷ್ಟು ಬಂದರೆ ಮನೆಯಲ್ಲಿ ಔಷಧಿ ಹಾಕಿ ಕಾಯಬೇಡಿ, ಆಗಲೇ ಹೊರಡಿ.

ಪ್ಯಾರಸಿಟಮಾಲ್ ಪ್ರಮಾಣ ಒಂದು ಕೆ.ಜಿ. ತೂಕಕ್ಕೆ 10ರಿಂದ 15 ಮಿ.ಗ್ರಾಂ. ಎರಡು ಸಲದ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ತಪ್ಪು ಆಗುವುದು ಬಾಟಲಿಯಲ್ಲಿ. 5 ಮಿ.ಲೀ.ಗೆ 125 ಮಿ.ಗ್ರಾಂ ಇರುವ ಸಿರಪ್ ಇದೆ, 250 ಇರುವುದೂ ಇದೆ, ಒಂದೇ ಮಿ.ಲೀ.ನಲ್ಲಿ 100 ಮಿ.ಗ್ರಾಂ ಇರುವ ಡ್ರಾಪ್ಸೂ ಇದೆ. 10 ಕೆ.ಜಿ. ಮಗುವಿಗೆ 125 ಮಿ.ಗ್ರಾಂ ಕೊಡಬೇಕು ಎಂದುಕೊಳ್ಳಿ. ಮೊದಲನೆಯದರಲ್ಲಿ 5 ಮಿ.ಲೀ., ಎರಡನೆಯದರಲ್ಲಿ 2.5, ಡ್ರಾಪ್ಸ್‌ನಲ್ಲಿ ಬರೀ 1.25. ಡ್ರಾಪ್ಸನ್ನು ಸಿರಪ್ ಎಂದುಕೊಂಡು 5 ಮಿ.ಲೀ. ಕುಡಿಸಿದರೆ ನಾಲ್ಕು ಪಟ್ಟು ಆಗುತ್ತದೆ, ಲಿವರ್‌ಗೆ ಪೆಟ್ಟು. ಡಾಕ್ಟರ್ ಹತ್ತಿರ ಒಮ್ಮೆ ಕೇಳಿ ಬಾಟಲಿ ಮೇಲೆಯೇ ಎಷ್ಟು ಎಂದು ಬರೆದಿಡಿ. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬಾರದು. ಡೆಂಗಿ ಓಡಾಡುವ ಮಳೆಗಾಲದಲ್ಲಿ ಡಾಕ್ಟರ್ ಹೇಳದೆ ಐಬುಪ್ರೊಫೆನ್ ಕೂಡ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಬಾರದು ಎಂದು ಕೇಂದ್ರ ಸರ್ಕಾರವೂ 2025ರ ಅಕ್ಟೋಬರ್‌ನಲ್ಲಿ ಹೇಳಿದೆ.

ಆರು ತಿಂಗಳಿಂದ ಐದು ವರ್ಷದ ಕೆಲವು ಮಕ್ಕಳಿಗೆ ಜ್ವರದ ಜೊತೆ ಫಿಟ್ಸ್ ಬರುತ್ತದೆ. ಕಣ್ಣು ಮೇಲೆ ಹೋಗುತ್ತದೆ, ಕೈಕಾಲು ಸೆಟೆಯುತ್ತದೆ. ಮಗು ಹೋಗಿಯೇಬಿಟ್ಟಿತು ಅನಿಸುತ್ತದೆ. ಹೆಚ್ಚಿನ ಸಲ ಕೆಲವೇ ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಕುತ್ತಿಗೆಯ ಬಟ್ಟೆ, ದಾರ ಸಡಿಲ ಮಾಡಿ, ಸಮಯ ನೋಡಿಕೊಳ್ಳಿ. ಬಾಯಿಗೆ ಚಮಚ, ಬೆರಳು, ನೀರು, ಔಷಧಿ ಏನನ್ನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದರಿಂದ ನಿಲ್ಲುವುದಿಲ್ಲ. ಬರೆ ಹಾಕಿಸುವುದಂತೂ ಮಗುವಿಗೆ ಮಾಡುವ ಹಿಂಸೆ. ಯಾರು ಎಷ್ಟೇ ಒತ್ತಾಯ ಮಾಡಿದರೂ ಒಪ್ಪಬೇಡಿ. ಐದು ನಿಮಿಷ ದಾಟಿದರೆ, ಮತ್ತೆ ಬಂದರೆ ಅಥವಾ ನಿಂತ ಮೇಲೂ ಎಚ್ಚರ ಬರದಿದ್ದರೆ 108. ಮೊದಲ ಸಲ ಬಂದಿದ್ದರೆ ನಿಂತ ಮೇಲೂ ಡಾಕ್ಟರಿಗೆ ತೋರಿಸಬೇಕು.

ಭೇದಿಗೆ ಓಆರ್‌ಎಸ್. ಒಂದು ಲೀಟರ್‌ನ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಕಲಸಿ. ಸ್ವಲ್ಪ ಪುಡಿ, ಸ್ವಲ್ಪ ನೀರು ಎಂದು ಅಂದಾಜಿಗೆ ಮಾಡಬೇಡಿ. ಪ್ರತಿ ಸಲ ಭೇದಿ ಆದಾಗ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ., ಚಮಚದಲ್ಲಿ ನಿಧಾನಕ್ಕೆ ಕುಡಿಸಿ. ಕಲಸಿದ್ದನ್ನು 24 ಗಂಟೆ ಆದ ಮೇಲೆ ಚೆಲ್ಲಿ. ಎದೆಹಾಲು, ಊಟ ನಿಲ್ಲಿಸಬೇಡಿ. ಡಾಕ್ಟರ್ ಕೊಡುವ ಜಿಂಕ್ ಮಾತ್ರೆ 14 ದಿನ ಪೂರ್ತಿ ಕೊಡಿ. ಅಂಗಡಿಯಲ್ಲಿ ಸಿಗುವ ಹಣ್ಣಿನ ರುಚಿಯ ಸಿಹಿ ಡಬ್ಬಿ ಪಾನೀಯ ಓಆರ್‌ಎಸ್ ಅಲ್ಲ. ಅದರಲ್ಲಿನ ಸಕ್ಕರೆ ಭೇದಿಯನ್ನು ಜಾಸ್ತಿ ಮಾಡುತ್ತದೆ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿದೆಯಾ ನೋಡಿ. ಕಣ್ಣು ಗುಳಿ ಬಿದ್ದಿದ್ದರೆ, ಆರೆಂಟು ಗಂಟೆ ಮೂತ್ರ ಆಗದಿದ್ದರೆ, ಮಲದಲ್ಲಿ ರಕ್ತ ಇದ್ದರೆ ಕಾಯಬೇಡಿ.

ವಿಷ ನುಂಗಿದರೆ

ರೈತರ ಮನೆಯಲ್ಲಿ ಉಳಿದ ಕೀಟನಾಶಕವನ್ನು ಖಾಲಿ ಜ್ಯೂಸ್ ಬಾಟಲಿಗೆ ಸುರಿದಿಡುವ ರೂಢಿ ಇದೆ. ಇದನ್ನು ಇವತ್ತೇ ನಿಲ್ಲಿಸಿ. ಮಗುವಿಗೆ ಬಾಟಲಿ ಕಂಡರೆ ಜ್ಯೂಸೇ. ಫಿನಾಯಿಲ್, ಆಸಿಡ್, ಸೀಮೆಎಣ್ಣೆ, ಇಲಿ ಪಾಷಾಣ, ಅಜ್ಜಿ ತಾತನ ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲವೂ ಬೀಗದೊಳಗೆ ಇರಲಿ. ಹಿತ್ತಲಲ್ಲಿ ಕಣಗಿಲೆ, ದತ್ತೂರ, ಹರಳು, ಕಾಡುಹರಳು, ಗುಲಗಂಜಿ ಇದ್ದರೆ ಅದರ ಬೀಜ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ನುಂಗಿದ್ದು ಗೊತ್ತಾದ ತಕ್ಷಣ ಬಾಯಲ್ಲಿ ಉಳಿದಿದ್ದನ್ನು ಒರೆಸಿ ತೆಗೆಯಿರಿ. ವಾಂತಿ ಮಾಡಿಸಬೇಡಿ. ಉಪ್ಪುನೀರು, ಹುಣಸೆ ನೀರು, ಹಸಿ ಮೊಟ್ಟೆ ಏನೂ ಬೇಡ. ಆಸಿಡ್ ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತದೆ, ಸೀಮೆಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತದೆ. ಕೀಟನಾಶಕ ಮೈಮೇಲೆ ಬಿದ್ದಿದ್ದರೆ ಬಟ್ಟೆ ಬಿಚ್ಚಿ ಸೋಪು ನೀರಿನಿಂದ ತೊಳೆಯಿರಿ. ಬಾಟಲಿಯನ್ನೋ ಮಾತ್ರೆ ಹಾಳೆಯನ್ನೋ ಬೀಜವನ್ನೋ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.

ಆಟಿಕೆ, ರಿಮೋಟ್‌ನಲ್ಲಿರುವ ಗುಂಡಿಯಂಥ ಚಪ್ಪಟೆ ಬ್ಯಾಟರಿ ನುಂಗಿದರೆ ನಾಣ್ಯದಂತೆ ಮಲದಲ್ಲಿ ಬರುತ್ತದೆ ಎಂದು ಕಾಯಬೇಡಿ. ಅದು ಎರಡು ಗಂಟೆಯಲ್ಲೇ ಅನ್ನನಾಳ ಸುಡಬಲ್ಲದು. ನುಂಗಿರಬಹುದು ಎಂಬ ಅನುಮಾನ ಬಂದರೂ ಆಗಲೇ ಎಕ್ಸ್‌ರೇ ಮಾಡಿಸಿ.

ಹಾವು, ಚೇಳು, ನಾಯಿ

ಕಬ್ಬಿನ ಗದ್ದೆ, ಹುಲ್ಲಿನ ಮೆದೆ, ಸೌದೆ ರಾಶಿ ಇರುವ ಕಡೆ ಇಲಿ, ಇಲಿ ಇರುವ ಕಡೆ ಹಾವು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಇವು ನಾಲ್ಕು ಮುಖ್ಯ ವಿಷದ ಹಾವುಗಳು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ಗುರುತು ಕಾಣದೇ ಇರಬಹುದು, ನೋವೂ ಇರುವುದಿಲ್ಲ. ಬೆಳಗಿನ ಜಾವ ಮಗು ಹೊಟ್ಟೆನೋವು ಎಂದು ಎದ್ದು, ರೆಪ್ಪೆ ಜೋತು ಬಿದ್ದು, ಮಾತು ತೊದಲಿದರೆ ಇದನ್ನು ನೆನಪಿಸಿಕೊಳ್ಳಿ. ಮಂಚದ ಮೇಲೆ ಮಲಗಿಸಿ, ಸೊಳ್ಳೆಪರದೆಯನ್ನು ಹಾಸಿಗೆ ಕೆಳಗೆ ಸಿಗಿಸಿ.

ಕಡಿದರೆ ಮಗುವನ್ನು ನಡೆಸಬೇಡಿ, ಎತ್ತಿಕೊಳ್ಳಿ. ಬಳೆ, ಗೆಜ್ಜೆ ತೆಗೆಯಿರಿ. ಕಾಲು ಅಲುಗದಂತೆ ಒಂದು ಮರದ ಪಟ್ಟಿಗೆ ಸಡಿಲವಾಗಿ ಕಟ್ಟಿ, ಮೂಳೆ ಮುರಿದಾಗ ಕಟ್ಟುವ ಹಾಗೆ. ಬಿಗಿಯಾಗಿ ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು, ನಾಟಿ ಔಷಧಿ, ಮಂತ್ರ ಯಾವುದಕ್ಕೂ ಒಂದು ನಿಮಿಷ ಕಳೆಯಬೇಡಿ. ವಿಷಕ್ಕೆ ಇರುವ ಔಷಧಿ ಆಸ್ಪತ್ರೆಯ ಆಂಟಿವೆನಮ್ ಒಂದೇ. ಹಾವನ್ನು ಅಟ್ಟಿಸಿಕೊಂಡು ಹೋಗುವುದೂ ಬೇಡ.

ಚೇಳು ಕಡಿದ ಮಗುವಿಗೆ ವಾಂತಿ, ಮೈಯೆಲ್ಲ ಬೆವರು, ಕೈಕಾಲು ತಣ್ಣಗಾದರೆ ಹೃದಯಕ್ಕೆ ತೊಂದರೆ ಆಗುತ್ತಿದೆ. ಮಕ್ಕಳಲ್ಲಿ ಇದನ್ನು ಸಾಮಾನ್ಯ ನೋವು ಎಂದು ಬಿಡಬಾರದು, ಆಸ್ಪತ್ರೆಗೇ ಹೋಗಬೇಕು.

ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ರೇಬೀಸ್ (ಹುಚ್ಚುನಾಯಿ ರೋಗ) ವೈರಸ್‌ ಅನ್ನು ಕಡಿಮೆ ಮಾಡುವ ದೊಡ್ಡ ಕೆಲಸ ಇದೇ. ಸುಣ್ಣ, ಖಾರದಪುಡಿ ಹಚ್ಚಬೇಡಿ. ಅದೇ ದಿನ ಲಸಿಕೆ ಶುರು ಮಾಡಿಸಿ, ಆಮೇಲೆ 3, 7, 28ನೇ ದಿನ. ಸ್ನಾಯುವಿಗೆ ಹಾಕುವ ಕ್ರಮವಾದರೆ 14ನೇ ದಿನವೂ ಉಂಟು. ರಕ್ತ ಬಂದಿದ್ದರೆ ಗಾಯದ ಸುತ್ತ ಹಾಕುವ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ಮಕ್ಕಳು ಬೈಸಿಕೊಳ್ಳುವ ಭಯಕ್ಕೆ ನಾಯಿ ಪರಚಿದ್ದನ್ನು ಮುಚ್ಚಿಡುತ್ತವೆ. ಬಂದು ಹೇಳಿದರೆ ಬೈಯುವುದಿಲ್ಲ ಎಂದು ಮೊದಲೇ ಹೇಳಿಡಿ. ರೇಬೀಸ್ ಕಾಣಿಸಿಕೊಂಡ ಮೇಲೆ ಬದುಕಿಸುವುದು ಹೆಚ್ಚುಕಮ್ಮಿ ಅಸಾಧ್ಯ.

ಬಿದ್ದರೆ, ರಕ್ತ ಬಂದರೆ

ತಲೆಗೆ ಪೆಟ್ಟು ಬಿದ್ದು ತಕ್ಷಣ ಅತ್ತು, ಆಮೇಲೆ ಎಂದಿನಂತೆ ಆಡಿದರೆ ಒಂದು ದಿನ ಗಮನಿಸಿ. ಎಚ್ಚರ ತಪ್ಪಿದರೆ, ಪದೇ ಪದೇ ವಾಂತಿ ಆದರೆ, ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಬಂದರೆ ಆಸ್ಪತ್ರೆಗೆ. ಎತ್ತರದಿಂದ ಬಿದ್ದಿದ್ದರೂ, ಕೈಗೂಸಾದರೂ ತೋರಿಸಿಬಿಡಿ.

ರಕ್ತಕ್ಕೆ ಶುಚಿಯಾದ ಬಟ್ಟೆ ಇಟ್ಟು ಬಿಡದೆ ಒತ್ತಿ. ನಿಂತಿತಾ ಎಂದು ಪದೇ ಪದೇ ತೆಗೆದು ನೋಡಬೇಡಿ. ಮೂಗಿನಲ್ಲಿ ರಕ್ತ ಬಂದರೆ ಕೂರಿಸಿ, ತಲೆ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆ ಭಾಗವನ್ನು ಹತ್ತು ನಿಮಿಷ ಹಿಡಿಯಿರಿ. ಮೂಗಿಗೋ ಕಿವಿಗೋ ಕಾಳು ಹಾಕಿಕೊಂಡರೆ ಪಿನ್ನು ಕಡ್ಡಿ ಹಾಕದೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ.

ಮನೆಯ ಪೆಟ್ಟಿಗೆ

ಥರ್ಮಾಮೀಟರ್, ಓಆರ್‌ಎಸ್, ಪ್ರಮಾಣ ಬರೆದಿಟ್ಟ ಪ್ಯಾರಸಿಟಮಾಲ್, ಗಾಜ್ ಬಟ್ಟೆ, ಬ್ಯಾಂಡೇಜ್ ಸುರುಳಿ, ಅಂಟುಪಟ್ಟಿ, ಕತ್ತರಿ, ಸೋಪು, ಟಾರ್ಚು. ಇಷ್ಟು ಸಾಕು. ಗಾಯದ ಮೇಲೆ ನೇರವಾಗಿ ಹತ್ತಿ ಇಡಬೇಡಿ, ಎಳೆ ಅಂಟಿಕೊಳ್ಳುತ್ತದೆ. ಯುಗಾದಿಗೊಮ್ಮೆ, ದಸರಾಗೊಮ್ಮೆ ಪೆಟ್ಟಿಗೆ ತೆಗೆದು ಅವಧಿ ಮುಗಿದ ಔಷಧಿಯನ್ನು ಬಿಸಾಡಿ.

ಬೈಕು ಮತ್ತು ದಸರಾ ಜನಜಂಗುಳಿ

ಟ್ಯಾಂಕ್ ಮೇಲೆ ಒಂದು ಮಗು, ನಡುವೆ ಒಂದು ಮಗು ಕೂರಿಸಿಕೊಂಡು ಹೋಗುವುದು ನಮ್ಮಲ್ಲಿ ದಿನಾ ಕಾಣುವ ನೋಟ. 2022ರಲ್ಲಿ ಹೊರಬಂದ ಕೇಂದ್ರದ ನಿಯಮದ ಪ್ರಕಾರ 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಅಳತೆಗೆ ತಕ್ಕ ಹೆಲ್ಮೆಟ್ ಬೇಕು. 4 ವರ್ಷದೊಳಗಿನವರಿಗೆ ಓಡಿಸುವವರ ಮೈಗೆ ಕಟ್ಟುವ ಬೆಲ್ಟ್ ಬೇಕು, ವೇಗ 40 ಕಿ.ಮೀ. ದಾಟಬಾರದು. ಹಿಂದೆ ಕೂತ ಮಗುವಿನ ಪಾದ ಚಕ್ರಕ್ಕೆ ಸಿಗದಂತೆ ಸೀರೆ ಗಾರ್ಡ್ ಇರಲೇಬೇಕು. ಕಾರಿನಲ್ಲಿ ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲ ಮೇಲೆ ಕೂರಿಸಬೇಡಿ.

ಜಂಬೂ ಸವಾರಿಗೆ, ಚಾಮುಂಡಿ ಬೆಟ್ಟಕ್ಕೆ, ಮೇಲುಕೋಟೆಯ ವೈರಮುಡಿಗೆ ಮಕ್ಕಳನ್ನು ಕರೆದೊಯ್ಯುವಾಗ ಹೊರಡುವ ಮುಂಚೆ ಮಗುವಿನ ಒಂದು ಫೋಟೊ ತೆಗೆಯಿರಿ, ಆವತ್ತು ಹಾಕಿದ ಬಟ್ಟೆ ಅದರಲ್ಲಿ ಇರುತ್ತದೆ. ಫೋನ್ ನಂಬರ್ ಬರೆದ ಚೀಟಿ ಜೇಬಿನಲ್ಲಿಡಿ ಅಥವಾ ಪೆನ್ನಿನಲ್ಲಿ ಮುಂಗೈ ಮೇಲೆ ಬರೆಯಿರಿ. ಮಗು ತಪ್ಪಿಸಿಕೊಂಡರೆ ಇಬ್ಬರೂ ಬೇರೆ ಬೇರೆ ಕಡೆ ಓಡಬೇಡಿ. ಒಬ್ಬರು ಕೊನೆಗೆ ಮಗು ಕಂಡ ಜಾಗದಲ್ಲೇ ನಿಲ್ಲಿ, ಇನ್ನೊಬ್ಬರು ಹತ್ತಿರದ ಪೊಲೀಸರ ಬಳಿ ಹೋಗಿ ಆ ಫೋಟೊ ತೋರಿಸಿ. 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಮಗುವಿಗೂ ಹೇಳಿಕೊಡಿ: ಕಾಣದಿದ್ದರೆ ಹುಡುಕಿಕೊಂಡು ಹೋಗಬೇಡ, ಇದ್ದಲ್ಲೇ ನಿಂತು ಜೋರಾಗಿ ಅಮ್ಮನ ಹೆಸರು ಕೂಗು.